ನೆನಪನ್ನು ಕೇಳುವ ಬಗೆ



ಕನ್ನಡ ಪಾಠ ಹೇಳಿ ನಿವೃತ್ತನಾದವನು ಮನಶ್ಶಾಸ್ತ್ರವನ್ನು ಕುರಿತು ಮಾತನಾಡಹೊರಟರೆ ಅದನ್ನು ಅಧಿಕಪ್ರಸಂಗವೆಂದು ಯಾರಾದರೂ ಅಂದಾರು. ನಮ್ಮ ಕಾಲದ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಶಾಸ್ತ್ರದ ಪರಿಚಯವಾದದ್ದು ತರಗತಿಯಲ್ಲಲ್ಲ. ತ್ರಿವೇಣಿಯವರ ‘ಶರಪಂಜರ’, ‘ಬೆಕ್ಕಿನ ಕಣ್ಣು’ ಕಾದಂಬರಿಗಳಲ್ಲಿ. ಮನಸ್ಸು ಹೀಗೂ ಮುರಿಯಬಹುದು ಎಂಬ ಅರಿವು ಅಲ್ಲಿ ಮೂಡಿತು. ಆದರೆ ಮನಸ್ಸಿನ ವಿಷಯವನ್ನು ತಿಳಿದವರು ಅದನ್ನು ಹೇಗೆ ತಿಳಿದರು ಎಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ.

ಆ ಪ್ರಶ್ನೆಯನ್ನು ಈ ವಯಸ್ಸಿನಲ್ಲಿ ನನ್ನ ಮುಂದೆ ತಂದವಳು, ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿರುವ ನಮ್ಮಣ್ಣನ ಮೊಮ್ಮಗಳು. ಅವಳ ಮನಶ್ಶಾಸ್ತ್ರದ ಪಠ್ಯದ ಮೊದಲ ಅಧ್ಯಾಯ ‘ದೃಷ್ಟಿಗಳು ಮತ್ತು ಸಂಶೋಧನಾ ವಿಧಾನಗಳು’. ಅಂತರವಲೋಕನ, ವರ್ತನಾವಾದ, ಮನೋವಿಶ್ಲೇಷಣೆ, ಸಂಜ್ಞಾನವಾದ ಎಂದು ಒಂದು ಕಡೆ. ಪ್ರಯೋಗ, ವೀಕ್ಷಣೆ, ವ್ಯಕ್ತಿ ಅಧ್ಯಯನ, ಸಮೀಕ್ಷೆ ಎಂದು ಇನ್ನೊಂದು ಕಡೆ. ಷಡ್ದರ್ಶನಗಳ ಪಟ್ಟಿಯನ್ನು ಒಪ್ಪಿಸುವವಳಂತೆ ಅವಳು ಅದನ್ನು ಒಪ್ಪಿಸುತ್ತಿದ್ದಳು. “ಚಿಕ್ಕತಾತ, ಒಂದೇ ಮನಸ್ಸಿಗೆ ಇಷ್ಟೊಂದು ದಾರಿ ಯಾಕೆ?” ಎಂದು ಕೇಳಿದಳು. ಪಟ್ಟಿಯನ್ನು ಬಿಟ್ಟು ಯಾವುದಾದರೂ ಒಂದು ವಿಷಯವನ್ನು ಹಿಡಿ, ಅದನ್ನು ಯಾರು ಯಾರು ಹೇಗೆ ಕೇಳಿದರು ನೋಡು ಎಂದೆ. ಹೇಳಿದವನಿಗೇ ಹೊಣೆ ಬಂತು. ಇಬ್ಬರೂ ಕೂಡಿ ಓದಿದೆವು. ನಾವು ಹಿಡಿದ ವಿಷಯ ನೆನಪು.

ಇದನ್ನು ಬಾನುಲಿಯಲ್ಲಿ ಹೇಳುವುದಕ್ಕೆ ಒಂದು ಔಚಿತ್ಯವೂ ಉಂಟು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ತಮ್ಮ ಮನೆಯಲ್ಲಿ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಆರಂಭಿಸಿದವರು. ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತಿದ್ದ ಕೇಂದ್ರ ಅದು. ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರವೂ ರೇಡಿಯೋವೂ ಒಂದೇ ಮನೆಯ ಮಕ್ಕಳು ಎಂದರೆ ಹೆಚ್ಚಿನ ಮಾತಾಗಲಾರದು.

ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಪ್ರಯೋಗಶಾಲೆಯನ್ನು ತೆರೆದಾಗ ಅಲ್ಲಿ ನಡೆದ ಕೆಲಸದ ಒಂದು ಭಾಗ ಅಂತರವಲೋಕನ: ಒಂದು ಸದ್ದನ್ನು ಕೇಳಿಸಿ, ನಿನ್ನೊಳಗೆ ಏನಾಯಿತು ಹೇಳು ಎನ್ನುವುದು. ಇದರ ತೊಡಕು ಸುಲಭವಾಗಿ ತಿಳಿಯುವಂಥದು. ನನ್ನ ಒಳಗಿನದಕ್ಕೆ ನಾನೊಬ್ಬನೇ ಸಾಕ್ಷಿ. ನಿಮ್ಮ ಒಳಗಿನದು ಬೇರೆಯಾದರೆ ನಮ್ಮಿಬ್ಬರಲ್ಲಿ ಯಾರ ಮಾತು ಸರಿಯೆಂದು ತೀರ್ಮಾನಿಸುವವರು ಯಾರು?

ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಈ ತೊಡಕಿನಿಂದ ಪಾರಾದ ರೀತಿ ಸ್ವಾರಸ್ಯವಾಗಿದೆ. ಅವನು ಪರೀಕ್ಷಿಸಿದ್ದು ತನ್ನನ್ನೇ. ಆದರೆ ‘ನನಗೆ ಏನನ್ನಿಸಿತು’ ಎಂದು ಬರೆಯಲಿಲ್ಲ, ಎಣಿಸಿದ. ಅರ್ಥವಿರುವ ಮಾತಿಗೆ ಹಳೆಯ ಪರಿಚಯದ ಬಲವಿರುತ್ತದೆ; ಆದ್ದರಿಂದ ಎರಡು ವ್ಯಂಜನಗಳ ನಡುವೆ ಒಂದು ಸ್ವರವನ್ನಿಟ್ಟು, ‘ಗೂಪ್’, ‘ತೆಝ್’ ಎಂಬ ಬಗೆಯ ಸುಮಾರು 2300 ಅರ್ಥಹೀನ ಉಚ್ಚಾರಾಂಶಗಳನ್ನು ಅವನು ಮಾಡಿಕೊಂಡ. ಸಾಲುಸಾಲಾಗಿ ಒಂದೇ ವೇಗದಲ್ಲಿ ಓದಿ ಉರುಹೊಡೆದ. ತಪ್ಪಿಲ್ಲದೆ ಒಪ್ಪಿಸಲು ಎಷ್ಟು ಹೊತ್ತು ಬೇಕಾಯಿತೆಂದು ಬರೆದಿಟ್ಟು, ಮರೆತ ಮೇಲೆ ಅದೇ ಸಾಲನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಉಳಿತಾಯವಾಯಿತು ಎಂದು ನೋಡಿದ. ಆ ಉಳಿತಾಯವೇ ನೆನಪಿನ ಅಳತೆ. ಇಪ್ಪತ್ತು ನಿಮಿಷದ ಮೇಲೆ ಉಳಿತಾಯ ನೂರಕ್ಕೆ 58ರಷ್ಟು. ಒಂದು ಗಂಟೆಯ ಮೇಲೆ 44. ಒಂದು ದಿನದ ಮೇಲೆ 34. ಒಂದು ತಿಂಗಳಾದರೂ 21. ಮರೆವು ಮೊದಲು ಓಡುತ್ತದೆ, ಆಮೇಲೆ ಕುಂಟುತ್ತದೆ. 1885ರಲ್ಲಿ ಅವನು ಪ್ರಕಟಿಸಿದ ಈ ಫಲಿತವನ್ನು ನೂರಮೂವತ್ತು ವರ್ಷಗಳ ಮೇಲೆ, 2015ರಲ್ಲಿ, ಡಚ್ ಸಂಶೋಧಕರು ಅದೇ ವಿಧಾನದಿಂದ ಮತ್ತೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅದೇ ರೇಖೆ ದೊರೆಯಿತು. ಒಬ್ಬನೇ ಮನುಷ್ಯ, ಅದೂ ತನ್ನನ್ನೇ ಅಳೆದುಕೊಂಡವನು, ಇಷ್ಟು ನಿಷ್ಠುರನಾಗಿದ್ದನಲ್ಲ ಎಂದು ನಾನು ಬೆರಗಾದೆ.

ಅವನು ಬೈರನ್ನನ ‘ಡಾನ್ ಜುವಾನ್’ ಕಾವ್ಯದ ಪದ್ಯಗಳನ್ನೂ ಉರುಹೊಡೆದು ನೋಡಿದ. ಅರ್ಥಹೀನ ಉಚ್ಚಾರಾಂಶಗಳಿಗೆ ಬೇಕಾದ ಶ್ರಮದ ಹತ್ತನೆಯ ಒಂದು ಪಾಲಷ್ಟೇ ಸಾಕಾಯಿತು. ನಮ್ಮ ಗಮಕಿಗಳಿಗೆ ಇದನ್ನು ಹೇಳಿದರೆ ‘ಇದಕ್ಕೆ ಪ್ರಯೋಗ ಬೇರೆ ಬೇಕಿತ್ತೆ?’ ಎಂದು ನಕ್ಕಾರು. ಆದರೆ ಅಷ್ಟನ್ನು ಕಂಡ ಎಬ್ಬಿಂಗ್‌ಹೌಸ್ ಅರ್ಥವನ್ನು ತನ್ನ ಮುಖ್ಯ ಪ್ರಯೋಗಗಳ ಹೊರಗೇ ನಿಲ್ಲಿಸಿದ. ಅಳತೆ ಶುದ್ಧವಾಗಬೇಕಾದರೆ ಬದುಕನ್ನು ಹೊರಗಿಡಬೇಕಾಯಿತು.

ಮುಂದೆ 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮನಸ್ಸೆಂಬ ಮಾತನ್ನೇ ಬಿಡೋಣ, ಕಾಣುವ ವರ್ತನೆಯೊಂದೇ ಶಾಸ್ತ್ರಕ್ಕೆ ವಿಷಯ ಎಂದು ಸಾರಿದ. ಅದಕ್ಕೆ ಮೊದಲೇ, 1901ರಲ್ಲಿ, ವಿಯೆನ್ನಾದ ಫ್ರಾಯ್ಡ್ ನಿತ್ಯಜೀವನದ ಮರೆವುಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದು, ಮರೆವಿಗೂ ಒಂದು ಗೂಢ ಉದ್ದೇಶವಿರುತ್ತದೆ ಎಂದಿದ್ದ. ಸಾಹಿತ್ಯದವರಾದ ನಾವು ಫ್ರಾಯ್ಡನಿಗೆ ಬೇಗ ಮಾರುಹೋದೆವು. ಅವನ ಬರಹದಲ್ಲಿ ಕಥೆಯಿತ್ತು. ಆದರೆ ನೀನು ಒಪ್ಪಿದರೆ ನನ್ನ ಮಾತು ಸರಿ, ನಿರಾಕರಿಸಿದರೆ ನಿನ್ನೊಳಗಿನ ಪ್ರತಿರೋಧದಿಂದಾಗಿ ಇನ್ನೂ ಸರಿ ಎಂಬ ವಾದವನ್ನು ಸುಳ್ಳೆಂದು ತೋರಿಸುವುದಾದರೂ ಹೇಗೆ? ತಪ್ಪಾಗುವ ಅವಕಾಶವೇ ಇಲ್ಲದ ಮಾತನ್ನು ಪರೀಕ್ಷಿಸುವಂತಿಲ್ಲ.

ನನ್ನ ಮನಸ್ಸಿಗೆ ತೀರ ಹತ್ತಿರವಾದವನು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್. ಅವನ ‘ಸ್ಮರಣೆ’ ಎಂಬ ಗ್ರಂಥ 1932ರಲ್ಲಿ ಬಂತು. ಅವನು ಜನರ ಮುಂದೆ ಇಟ್ಟದ್ದು ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು. ಇಬ್ಬರು ತರುಣರು ಸೀಲ್ ಎಂಬ ಜಲಪ್ರಾಣಿಯ ಬೇಟೆಗೆಂದು ನದಿಗೆ ಹೋಗುತ್ತಾರೆ. ಮಂಜು ಕವಿದಿರುವಾಗ ಪುಟ್ಟ ದೋಣಿಯೊಂದರಲ್ಲಿ ಬಂದವರು ಅವರನ್ನು ಯುದ್ಧಕ್ಕೆ ಕರೆಯುತ್ತಾರೆ, ಒಬ್ಬ ಹೋಗುತ್ತಾನೆ. ಹೋರಾಟದಲ್ಲಿ ಅವನಿಗೆ ಏಟು ಬಿದ್ದಿತೆಂದು ಅವರು ಹೇಳಿದರೂ ಅವನಿಗೆ ನೋವಿಲ್ಲ; ಇವರು ಪ್ರೇತಗಳು ಎಂದುಕೊಳ್ಳುತ್ತಾನೆ. ಮನೆಗೆ ಬಂದು ನಡೆದುದನ್ನೆಲ್ಲ ಹೇಳುತ್ತಾನೆ. ಸೂರ್ಯ ಹುಟ್ಟುವಾಗ ಕುಸಿದು ಬೀಳುತ್ತಾನೆ, ಬಾಯಿಂದ ಏನೋ ಕಪ್ಪಗಿನದು ಹೊರಬರುತ್ತದೆ, ಸಾಯುತ್ತಾನೆ. ಅಷ್ಟೆ. ಇದನ್ನು ಓದಿದ ಇಂಗ್ಲಿಷರು ಕಾಲು ಗಂಟೆಯ ಮೇಲೆ, ವಾರಗಳ ಮೇಲೆ, ತಿಂಗಳುಗಳ ಮೇಲೆ, ಕೆಲವರು ವರ್ಷಗಳ ಮೇಲೆ ಮತ್ತೆ ಬರೆದುಕೊಟ್ಟರು. ಕಥೆ ಕುಗ್ಗಿತು. ಅಲ್ಲಿನ ಪುಟ್ಟ ದೋಣಿ ಇಂಗ್ಲೆಂಡಿನ ಸಾಧಾರಣ ದೋಣಿಯಾಯಿತು, ಬೇಟೆ ಮೀನುಗಾರಿಕೆಯಾಯಿತು, ಕೆಲವರಲ್ಲಿ ಪ್ರೇತಗಳು ಮಾಯವಾದವು. ಅರ್ಥವಾಗದ ಕಡೆಯಲ್ಲೆಲ್ಲ ‘ಆದ್ದರಿಂದ’ಗಳು ಹುಟ್ಟಿಕೊಂಡವು. ಬದಲಾಯಿಸಿದವರಿಗೆ ತಾವು ಬದಲಾಯಿಸಿದೆವು ಎಂಬ ಅರಿವಿರಲಿಲ್ಲ.

ಓದುತ್ತ ಓದುತ್ತ, ಇದು ನಮ್ಮ ಲಿಪಿಕಾರನ ಕಥೆಯೇ ಅಲ್ಲವೆ ಎನ್ನಿಸಿತು. ಗ್ರಂಥಸಂಪಾದನೆಯ ಪಾಠದಲ್ಲಿ ನಾನು ವರ್ಷವರ್ಷವೂ ಹೇಳುತ್ತಿದ್ದ ಮಾತು ಇದು: ಓಲೆಯನ್ನು ಪ್ರತಿಮಾಡುವವನು ತನಗೆ ಗೊತ್ತಿಲ್ಲದ ಪದ ಬಂದಾಗ ಗೊತ್ತಿರುವ ಪದವನ್ನು ಬರೆಯುತ್ತಾನೆ, ಬಳಕೆ ತಪ್ಪಿದ ೞಕಾರದ ಜಾಗದಲ್ಲಿ ಳಕಾರವನ್ನಿಡುತ್ತಾನೆ, ಆದಕಾರಣ ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಹಳೆಯದಾಗಿರುವ ಸಂಭವ ಹೆಚ್ಚು. ಅವನದು ಕಪಟವಲ್ಲ, ತಿದ್ದುತ್ತಿದ್ದೇನೆಂದೂ ಅವನಿಗೆ ಗೊತ್ತಿಲ್ಲ. ನಮ್ಮ ತಲೆಯೊಳಗೆ ಒಬ್ಬ ಲಿಪಿಕಾರ ಕುಳಿತಿದ್ದಾನೆ, ನೆನೆದಾಗಲೆಲ್ಲ ಓಲೆಯನ್ನು ಹೊಸದಾಗಿ ಪ್ರತಿಮಾಡುತ್ತಾನೆ ಎಂಬುದು ಬಾರ್ಟ್ಲೆಟ್‌ನ ಅಭಿಪ್ರಾಯವನ್ನು ನಾನು ಕನ್ನಡದಲ್ಲಿ ಹೇಳಿಕೊಂಡ ಪರಿ. ಹಾಗೆ ಹೇಳಿಕೊಳ್ಳುವಾಗ ನಮ್ಮ ಮನೆಯ ಒಂದು ಹಳೆಯ ಪತ್ರ ಕಣ್ಣಮುಂದೆ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಬಾರ್ಟ್ಲೆಟ್‌ನ ವಿಧಾನದಲ್ಲೂ ಕೊರತೆಗಳಿದ್ದವು. ಎಬ್ಬಿಂಗ್‌ಹೌಸನ ಬಿಗಿ ಇವನಲ್ಲಿಲ್ಲ. ಮತ್ತೆ ಬರೆಸಿದ ಅವಧಿಗಳು ಎಲ್ಲರಿಗೂ ಒಂದೇ ಆಗಿರಲಿಲ್ಲ. ಇದ್ದುದನ್ನಷ್ಟೇ ನಿಖರವಾಗಿ ಬರೆಯಿರಿ ಎಂದು ಕಟ್ಟುನಿಟ್ಟಾಗಿ ಹೇಳಿದರೆ ತಪ್ಪುಗಳು ಇಳಿಯುತ್ತವೆಂದು 1967ರಲ್ಲಿ ಬೇರೆಯವರು ತೋರಿಸಿದರು. ಒಬ್ಬನಿಗೆ ಅಳತೆ ಸಿಕ್ಕಿತು, ಬದುಕು ತಪ್ಪಿತು; ಇನ್ನೊಬ್ಬನಿಗೆ ಬದುಕು ಸಿಕ್ಕಿತು, ಅಳತೆ ಸಡಿಲವಾಯಿತು. ಮೊಮ್ಮಗಳ ಪ್ರಶ್ನೆಗೆ ಉತ್ತರ ಇಲ್ಲಿಯೇ ಎಲ್ಲೋ ಇದೆಯೆಂದು ನನಗನ್ನಿಸಿತು.

ಇನ್ನು ವ್ಯಕ್ತಿ ಅಧ್ಯಯನ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ತೀವ್ರ ಅಪಸ್ಮಾರದಿಂದ ಬಳಲುತ್ತಿದ್ದ 27 ವರ್ಷದ ತರುಣನ ಮಿದುಳಿನ ಎರಡೂ ಪಕ್ಕಗಳಿಂದ, ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವೂ ಸೇರಿದಂತೆ, ಒಂದಿಷ್ಟು ಭಾಗವನ್ನು ಶಸ್ತ್ರವೈದ್ಯರು ತೆಗೆದರು. ಅಪಸ್ಮಾರ ಹತೋಟಿಗೆ ಬಂತು. ಆದರೆ ಆ ದಿನದಿಂದ ಆತನಿಗೆ ಹೊಸದಾಗಿ ನಡೆದದ್ದು ಯಾವುದೂ ನಿಲ್ಲದಾಯಿತು. ಬುದ್ಧಿ ಮೊದಲಿನಷ್ಟೇ ಚುರುಕು, ಮಾತು ಸೌಮ್ಯ. ಈಗ ಕಂಡವರು ಕೊಠಡಿಯಿಂದ ಹೊರಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದರೆ ಹೊಸಬರು. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಆತನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚಿನಗುಂಟ ಗೆರೆ ಎಳೆಯುವ ಕೆಲಸವನ್ನು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಪ್ರತಿದಿನವೂ ಆತ ತಾನು ಇದನ್ನು ಹಿಂದೆಂದೂ ಮಾಡಿಲ್ಲವೆಂದೇ ತಿಳಿದಿದ್ದ. ಕೈಯ ನೆನಪು ಬೇರೆ, ಕಥೆಯ ನೆನಪು ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. ಸಾವಿರ ಜನರ ಸಮೀಕ್ಷೆಯಲ್ಲಿ ಇದು ದೊರೆಯುತ್ತಿರಲಿಲ್ಲ. ಬೇಕೆಂದು ಮಾಡುವಂಥ ಪ್ರಯೋಗವೂ ಇದಲ್ಲ. ಐದು ದಶಕಗಳ ಕಾಲ ಶಾಸ್ತ್ರಗ್ರಂಥಗಳಲ್ಲಿ ಆತ ‘ಎಚ್.ಎಂ.’ ಎಂಬ ಎರಡು ಅಕ್ಷರ ಮಾತ್ರ. 2008ರಲ್ಲಿ ತೀರಿಕೊಂಡ ಮೇಲೆ ಹೆನ್ರಿ ಮೊಲೈಸನ್ ಎಂಬ ಪೂರ್ಣ ಹೆಸರು ಲೋಕಕ್ಕೆ ತಿಳಿಯಿತು. ತನ್ನಿಂದ ಲೋಕ ಕಲಿತದ್ದನ್ನು ಆತ ಕೇಳಿ ತಿಳಿದರೂ ನೆನಪಿನಲ್ಲಿಟ್ಟುಕೊಳ್ಳುವಂತಿರಲಿಲ್ಲವಲ್ಲ ಎಂದು ಆ ರಾತ್ರಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಕೊನೆಯದಾಗಿ, ಪ್ರಶ್ನೆಯೇ ಉತ್ತರವನ್ನು ಕೆಡಿಸುವ ಬಗೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಲನಚಿತ್ರ ತುಣುಕುಗಳನ್ನು ತೋರಿಸಿ ವೇಗವನ್ನು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಷ್ಟು ವೇಗ ಎಂದು ಕೇಳಿದವರಿಗೆ ಗಂಟೆಗೆ ಸುಮಾರು 40 ಮೈಲಿ ಎಂಬ ಉತ್ತರ. ‘ತಾಗಿದಾಗ’ ಎಂದು ಕೇಳಿದವರಿಗೆ ಸುಮಾರು 32. ನೋಡಿದ್ದು ಒಂದೇ ಚಿತ್ರ, ಬದಲಾದದ್ದು ಒಂದು ಕ್ರಿಯಾಪದ. ಎರಡನೆಯ ಪ್ರಯೋಗದಲ್ಲಿ ವಾರದ ಮೇಲೆ, ಒಡೆದ ಗಾಜನ್ನು ನೋಡಿದಿರಾ ಎಂದು ಕೇಳಿದರು. ‘ಅಪ್ಪಳಿಸಿದಾಗ’ ಎಂಬ ಮಾತನ್ನು ಕೇಳಿದ್ದ 50 ಮಂದಿಯಲ್ಲಿ 16 ಜನ ಹೌದೆಂದರು. ‘ಡಿಕ್ಕಿ ಹೊಡೆದಾಗ’ ಎಂದು ಕೇಳಿದ್ದ 50ರಲ್ಲಿ 7. ವೇಗದ ಪ್ರಶ್ನೆಯನ್ನೇ ಕೇಳಿರದ 50ರಲ್ಲಿ 6. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ವ್ಯಾಕರಣ ಕಲಿಸಿದವನಾಗಿ ಕ್ರಿಯಾಪದಕ್ಕೆ ಇಷ್ಟು ಬಲವಿದೆಯೆಂದು ನಾನು ಎಂದೂ ತರಗತಿಯಲ್ಲಿ ಹೇಳಿರಲಿಲ್ಲ.

ಇಷ್ಟೆಲ್ಲ ಎಚ್ಚರವಿದ್ದೂ ಈ ಶಾಸ್ತ್ರ ಎಡವಿದ್ದುಂಟು. 2015ರಲ್ಲಿ ಸಂಶೋಧಕರ ಒಂದು ದೊಡ್ಡ ತಂಡ ಮನಶ್ಶಾಸ್ತ್ರದ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97ರಷ್ಟು ಗಣನೀಯವೆನಿಸಿದ್ದ ಫಲಿತಗಳು ಎರಡನೆಯ ಸಲ 36ರಷ್ಟರಲ್ಲಿ ಮಾತ್ರ ಹಾಗೆ ಕಂಡವು. ಇದನ್ನು ಕೇಳಿ ಮೊಮ್ಮಗಳು ಬೇಸರಪಟ್ಟಳು. ನನಗೆ ಹಾಗನ್ನಿಸಲಿಲ್ಲ. ತನ್ನ ಓಲೆಗಳನ್ನು ತಾನೇ ಮರುಪರಿಶೀಲಿಸಿ ತಪ್ಪನ್ನು ಊರಿಗೆಲ್ಲ ಸಾರುವ ಧೈರ್ಯ ನಮ್ಮ ಸಾಹಿತ್ಯಚರಿತ್ರೆಗಳಿಗೆ ಇದೆಯೆ?

ಈಗ ಆ ಪತ್ರದ ವಿಷಯ. ನಮ್ಮ ತಂದೆಯವರು ಕಾಹಿಲೆ ಬಿದ್ದಿದ್ದಾಗ ಒಂದು ಸಂಜೆ ಜಗಲಿಯ ಮೇಲೆ ಕುಳಿತು ಅಣ್ಣನಿಗೆ, “ಬಾವಿ ಹತ್ತಿರದ ಹೊಲ ಚಿಕ್ಕವನಿಗೆ” ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಅವರು ಹೊದ್ದಿದ್ದ ಕಂಬಳಿ, ಕಂಬಕ್ಕೆ ನೇತುಹಾಕಿದ್ದ ಲಾಟೀನು, ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತದ್ದು, ಎಲ್ಲವೂ. 1994ರಲ್ಲಿ ಪಾಲಾಗುವಾಗ ಅಣ್ಣ, ಅಪ್ಪ ಅಂಥ ಮಾತನ್ನು ಆಡಿಯೇ ಇಲ್ಲ ಎಂದರು. ನಾನು ಕಿವಿಯಾರೆ ಕೇಳಿದವನೆಂದು ಪಂಚರ ಮುಂದೆ ಹೇಳಿದೆ. ಅವರನ್ನು ಸುಳ್ಳುಗಾರರೆಂದೂ ಅಂದೆ. ಹನ್ನೊಂದು ವರ್ಷ ನಾವು ಒಬ್ಬರ ಮನೆ ಒಬ್ಬರು ತುಳಿಯಲಿಲ್ಲ.

2005ರಲ್ಲಿ ಅಮ್ಮ ಹೋದ ಮೇಲೆ ಅವರ ಟ್ರಂಕಿನಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಮೈಸೂರಿನ ಹಾಸ್ಟೆಲಿನಿಂದ 1980ರಲ್ಲಿ ನಾನೇ ಬರೆದದ್ದು. ಅಂಚೆಯ ಮೊಹರು ಸ್ಪಷ್ಟವಾಗಿತ್ತು. “ಮಾವ ಮೊನ್ನೆ ಇಲ್ಲಿಗೆ ಬಂದಿದ್ದರು. ಬಾವಿ ಹತ್ತಿರದ ಹೊಲ ನನಗೆ ಎಂದು ಅಪ್ಪ ಹೋದ ವಾರ ಅಣ್ಣನ ಹತ್ತಿರ ಹೇಳಿದರಂತೆ, ನಿಜವೆ?” ಅಕ್ಷರ ನನ್ನದೇ. ನಾನು ಜಗಲಿಯಲ್ಲಿ ಇರಲೇ ಇಲ್ಲ. ಮಾವ ಹೇಳಿದ ಒಂದು ವಾಕ್ಯಕ್ಕೆ ಕಂಬಳಿ, ಲಾಟೀನುಗಳನ್ನು ಸೇರಿಸಿದವನು ನನ್ನೊಳಗಿನ ಲಿಪಿಕಾರ. ಪತ್ರವನ್ನು ಕೈಯಲ್ಲಿ ಹಿಡಿದಿರುವಾಗಲೂ ಆ ಲಾಟೀನು ನನಗೆ ಕಾಣುತ್ತಿತ್ತು, ಈಗಲೂ ಕಾಣುತ್ತದೆ.

ಮರುದಿನವೇ ಪತ್ರವನ್ನು ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಡಿಸಿ ನನ್ನ ಕೈಗೆ ಕೊಡುತ್ತ, “ಅದೆಲ್ಲ ಸರಿ ಕಣೋ. ಆದರೆ ಆ ಸಂಜೆ ನೀನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ನನಗೆ ಚೆನ್ನಾಗಿ ನೆನಪಿದೆ” ಎಂದರು. ಅತ್ತಿಗೆ ಒಳಗಿನಿಂದ ಕಾಫಿ ತಂದರು.