ಮಣ್ಣಿಗೆ ಮರ್ಯಾದೆ ಕೊಟ್ಟ ಪ್ರೊಫೆಸರರು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನ ಮಾಡಿಕೊಂಡಿರುವವನು. ದೊಡ್ಡ ಪ್ರೊಫೆಸರರ ಬಗ್ಗೆ ಮಾತಾಡುವಷ್ಟು ಬುದ್ಧಿ ನನಗಿಲ್ಲ. ಆದರೆ ಇದು ನಮ್ಮ ಮನಿ ಗ್ವಾಡಿಯ ಮಾತು. ಅದಕ್ಕೇ ಎದ್ದು ನಿಂತೇನಿ.

2019ರ ಆಗಸ್ಟ್ ಮಳೆಯನ್ನು ಯಾರೂ ಮರೆತಿಲ್ಲ. ಮಲಪ್ರಭಾ ನದಿ ರಾಮದುರ್ಗದ ಕಡೆ ಊರೊಳಗೇ ಹೊಕ್ಕಿತು. ಹೊಳಿ ದೂರವಿದ್ದ ನಮ್ಮಲ್ಲೂ ಮಣ್ಣಿನ ಗೋಡೆಗಳು ನೆನೆದು ಕುಸಿದವು. ನಮ್ಮ ಹಿತ್ತಲ ಗ್ವಾಡಿ ನಡುರಾತ್ರಿ ಬಿತ್ತು. ಅವ್ವ ಎರಡು ಮಾರು ಆಚೆ ಮಲಗಿದ್ದಳು, ಉಳಿದಳು. ಮಣ್ಣಿನ ಸಹವಾಸ ಸಾಕೆಂದು ಸಾಲ ತೆಗೆದು ಇಟ್ಟಂಗಿ, ಸಿಮೆಂಟಿನ ಮನೆ ಕಟ್ಟಿಸಿದೆ. ಬ್ಯಾಸಿಗಿ ಬಂತೆಂದರೆ ಅವ್ವ ಉಳಿದಿರುವ ಹಳೇ ಪಡಸಾಲೆಗೇ ಹೋಗಿ ಮಲಗುತ್ತಾಳೆ. ಸಾಲ ಮಾತ್ರ ಇನ್ನೂ ತೀರಿಲ್ಲ!

ಇಂಜಿನಿಯರಿಂಗ್ ಓದುವ ನಮ್ಮ ಅಣ್ಣನ ಮಗ ಒಂದು ಪುಸ್ತಕ ತಂದಿದ್ದ. 2007ರಲ್ಲಿ ಪ್ರೊ. ಕೆ.ಎಸ್. ಜಗದೀಶ, ಬಿ.ವಿ. ವೆಂಕಟರಾಮ ರೆಡ್ಡಿ, ಕೆ.ಎಸ್. ನಂಜುಂಡರಾವ್ ಕೂಡಿ ಬರೆದದ್ದು. ಅವನ ಕಡೆಯಿಂದ ಓದಿಸಿ ಕೇಳಿದೆ.

ಜಗದೀಶರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದವರು. 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯ ಹೆಸರು ತಾಯಂದಿರು ಕೇಳಿರಬೇಕು. ಅದರಲ್ಲೂ ಜಗದೀಶರ ದುಡಿಮೆಯಿದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಈ ವಿಭಾಗದ ಕೇಂದ್ರವಿತ್ತು. ನಿವೃತ್ತಿಯ ನಂತರವೂ ಜಗದೀಶರು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದರು. 2001ರ ಭುಜ್ ಭೂಕಂಪದಲ್ಲಿ ಗೋಡೆಗಳು ಯಾಕೆ ಬಿದ್ದವು ಎಂಬುದನ್ನೂ ಸಂಗಡಿಗರೊಂದಿಗೆ ಅಭ್ಯಾಸ ಮಾಡಿದರು.

ಅವರು ಹೇಳಿದ್ದು ಇಷ್ಟು: ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಬಿಗಿಯಾಗಿ ಒತ್ತಿ, ಕೆಲವು ವಾರ ನೀರುಣಿಸಿದರೆ ಅದು ಮಳೆಗೆ ಕರಗದ ಇಟ್ಟಂಗಿ. ಭಟ್ಟಿ ಬೇಡ, ಕಟ್ಟಿಗೆ ಬೇಡ. 2003ರಲ್ಲಿ ಅವರು ಮತ್ತು ವೆಂಕಟರಾಮ ರೆಡ್ಡಿಯವರು ಹಾಕಿದ ಲೆಕ್ಕದಂತೆ ಸುಟ್ಟ ಇಟ್ಟಂಗಿಗೆ ಹಿಡಿಯುವ ಇಂಧನಶಕ್ತಿಯ ಸುಮಾರು ಕಾಲುಭಾಗ ಇದಕ್ಕೆ ಸಾಕು.

ಆದರೆ ಒಂದು ಎಚ್ಚರಿಕೆ. ಎಲ್ಲ ಮಣ್ಣೂ ಬರೋದಿಲ್ಲ. ಉಸುಕು ಹೆಚ್ಚಿರುವ ಮಸಾರಿ ಮಣ್ಣು ಒಳ್ಳೇದು. ನಮ್ಮ ಎರಿಮಣ್ಣು ನೀರಿಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೆ ಉಸುಕು, ಸುಣ್ಣ ಬೆರೆಸಿ ಪರೀಕ್ಷೆ ಮಾಡಿಯೇ ನೋಡಬೇಕು. ಬುನಾದಿ ಗಟ್ಟಿ ಕಲ್ಲಿನದಿರಬೇಕು, ಮಾಡಿನ ಚಾಚು ಗೋಡೆಯಿಂದ ಹೊರಗೆ ಬರಬೇಕು.

ನಮ್ಮ ಗ್ವಾಡಿ ಬಿದ್ದದ್ದು ಮಣ್ಣಿನ ತಪ್ಪಲ್ಲ, ನಮ್ಮ ಅಳತೆಯ ತಪ್ಪು. ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವ ನಾವು ಮನೆ ಕಟ್ಟುವ ಮುಂಚೆ ಯಾಕೆ ಮಾಡಿಸಬಾರದು?

ಆದ್ದರಿಂದ ಸಂಘಕ್ಕೆ ನನ್ನದೊಂದು ಅರಿಕೆ: ಸದಸ್ಯರ ಹೊಲದ ಮಣ್ಣು ಪರೀಕ್ಷೆಗೆ ಕಳಿಸೋಣ. ಫಲಿತಾಂಶ ಸರಿ ಬಂದರೆ ಒಂದು ಕೈಯಂತ್ರ ಕೊಂಡು ಬಾಡಿಗೆಗೆ ಕೊಡೋಣ. ಮೊದಲು ಗೊಬ್ಬರ ಗೋದಾಮಿನ ಕಂಪೌಂಡ್ ಗೋಡೆ ಕಟ್ಟಿ, ಎರಡು ಮಳೆಗಾಲ ನೋಡೋಣ. ನಿಂತರೆ ಮನೆ ಕಟ್ಟೋಣ.