ಕುಷ್ಟಗಿಯ ರೊಟ್ಟಿ ಪಿಜ್ಜಾ: ಮನ್ಯಾಗ ಐತಲ್ರೀ, ಯಾಕ ರೊಕ್ಕ ಕೊಡೂಣು?

ಇವತ್ತಿನ ಸಂಚಿಕೆಯಲ್ಲಿ ಕುಷ್ಟಗಿಯ ಒಂದು ಪಿಜ್ಜಾ ಅಂಗಡಿಯ ಮಾತು. ಆರು ಕುರ್ಚಿ ಹಿಡಿಯುವಷ್ಟು ಜಾಗ, ಅಷ್ಟೇ. ನಡೆಸುವ ಹುಡುಗ ಬೆಂಗಳೂರಿನಲ್ಲಿ ಪಿಜ್ಜಾ ಮಾಡುವ ಅಡುಗೆಮನೆಯೊಂದರಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದವನು. ಗಂಗಾವತಿಗೆ ತುಂಗಭದ್ರಾ ಕಾಲುವೆ ಇದೆ, ಭತ್ತ ಇದೆ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ಕೈಕೊಟ್ಟರೆ ಗುಳೆ ಹೋಗ್ತಾರೆ. ಹಾಗೆ ಹೋದವನು ಕಸುಬು ಕಲಿತು ಬಂದು ಊರಲ್ಲೇ ಅಂಗಡಿ ಇಟ್ಟಿದ್ದಾನೆ ಅಂದ್ರೆ ಸಣ್ಣ ಮಾತಲ್ಲ.

ಬೋರ್ಡಿನಲ್ಲಿ ಪನೀರ್, ಸ್ವೀಟ್ ಕಾರ್ನ್ ಎಲ್ಲ ಇವೆ. ಕೊನೇ ಸಾಲು ‘ಜೋಳದ ರೊಟ್ಟಿ ಪಿಜ್ಜಾ, 80 ರೂಪಾಯಿ’. ನಾನು ಕೇಳಿದ್ದು ಅದನ್ನೇ.

ಮೈದಾದಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತೆ. ಅದರಿಂದಲೇ ಹಿಟ್ಟು ಎಳೆದಷ್ಟು ಹಿಗ್ಗೋದು, ಯೀಸ್ಟ್ ಹಾಕಿದರೆ ಉಬ್ಬೋದು. ಜೋಳದಲ್ಲಿ ಆ ಅಂಟಿಲ್ಲ. ನಮ್ಮ ಅವ್ವಂದಿರು ಕುದಿಯುವ ನೀರು ಹಾಕಿ ನಾದಿ, ಕೈಯಿಂದ ಬಡಿಯೋದು ಅದಕ್ಕೇ. ಹಾಗಾಗಿ ಇವನು ಜೋಳದ ಹಿಟ್ಟಿನಿಂದ ಪಿಜ್ಜಾ ಬೇಸ್ ಮಾಡುವ ಗೋಜಿಗೆ ಹೋಗಿಲ್ಲ. ಪಕ್ಕದ ಓಣಿಯ ಹೆಣ್ಣುಮಕ್ಕಳು ಮಾಡುವ ಕಡಕ್ ರೊಟ್ಟಿಯನ್ನೇ ತರಿಸುತ್ತಾನೆ. ಟೊಮೆಟೊ ಸಾಸ್ ಸವರಿದರೆ ರೊಟ್ಟಿ ಮೆತ್ತಗಾಗುತ್ತೆ. ಅದರ ಬದಲು ಶೇಂಗಾ ಚಟ್ನಿಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾನೆ. ಮೇಲೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಚೀಸ್. ಚೀಸ್ ಕರಗುವಷ್ಟು ಹೊತ್ತು ಮಾತ್ರ ಓವನ್ನಿನಲ್ಲಿ.

ಬಿಸಿ ಇದ್ದಾಗ ಭಾಳ ಚಲೋ ಇತ್ತು. ಮೊದಲು ಬೆಳ್ಳುಳ್ಳಿ, ಖಾರ. ಅದರ ಹಿಂದೆ ಚೀಸಿನ ಉಪ್ಪು. ಆರಿದ ಮೇಲೆ ಬೇಡ, ಚೀಸ್ ರಬ್ಬರಿನ ಹಾಗಾಗಿ ಪದರವಾಗಿ ಕಿತ್ತು ಬರುತ್ತೆ. ಚಾಕುವಿನಿಂದ ಕತ್ತರಿಸಲೂ ಹೋಗಬೇಡಿ, ಪುಡಿಪುಡಿ. ಕೈಯಲ್ಲೇ ಮುರಿದು ತಿನ್ನಬೇಕು. ಮೊಸರು ಕೇಳಿದೆ, ಇರಲಿಲ್ಲ. ಇಡಬೇಕಪ್ಪ!

ಆದರೆ ಇದು ಖರ್ಚಾಗ್ತಿಲ್ಲ. “ದಿನಕ್ಕ ಮೂರು ಹೋದ್ರ ಭಾಳ್ರೀ ಸರ್,” ಅಂದ. “ರೊಟ್ಟಿ ಮನ್ಯಾಗ ಐತಿ, ಅದಕ್ಯಾಕ ಎಂಬತ್ತು ರೂಪಾಯಿ ಕೊಡೂಣು ಅಂತಾರ. ಅದ ಮಂದಿ ಮೈದಾದ್ದಕ್ಕ ನೂರಾ ಅರವತ್ತು ಕೊಟ್ಟು ಹೋಗ್ತಾರ.”

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು, ಜೋಳವೂ ಅದರಲ್ಲಿತ್ತು. ಜೋಳ ಬೆಳೆಯುವ ಊರಲ್ಲಿ ಮಾತ್ರ ಅದು ಪುಕ್ಕಟೆ ವಸ್ತು. ಒಲೆ ಮುಂದೆ ಕೂತು ಬಡಿಯುವವರ ಕೈನೋವು ಆ ಲೆಕ್ಕಕ್ಕೆ ಬರೋದೇ ಇಲ್ಲ. ಇವನ ಮೈದಾ ಬೇಸು ಪ್ಯಾಕೆಟ್ಟಿನಲ್ಲಿ ಹುಬ್ಬಳ್ಳಿಯಿಂದ ಬರುತ್ತೆ, ರೊಕ್ಕವೂ ಅಲ್ಲಿಗೇ ಹೋಗುತ್ತೆ. ರೊಟ್ಟಿಯ ರೊಕ್ಕ ಪಕ್ಕದ ಓಣಿಗೆ.

“ಯುಗಾದಿತನಾ ನೋಡ್ತೀನ್ರೀ, ಹೋಗಲಿಲ್ಲಂದ್ರ ಬೋರ್ಡಿನಿಂದ ತಗೀತೀನಿ,” ಅಂದಿದ್ದಾನೆ. ಹೋಗೋದಾದ್ರೆ ಸಂಜೆ ಆರರ ಮೇಲೆ ಹೋಗಿ. ಆ ದಿನದ ರೊಟ್ಟಿ ಬರೋದು ಆಗಲೇ.