ಮೂರು ಕಾಲಿನ ನಾಯಿ, ಮೂರು ಕಾಲಿನ ಬೆಕ್ಕು

(ಹಂಪಾಪುರದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪಾಠ ಇಲ್ಲ. ಪುಸ್ತಕ ಪಕ್ಕಕ್ಕಿಡಿ. ನಾಯಿ ಬೆಕ್ಕಿನ ಮಾತು ಆಡೋಣ. ಅದರಲ್ಲೂ ಕಾಲು ಕಳೆದುಕೊಂಡ ನಾಯಿ, ಕಾಲು ಕಳೆದುಕೊಂಡ ಬೆಕ್ಕು. "ಮನುಷ್ಯರಿಗೇ ದಿಕ್ಕಿಲ್ಲ, ನಾಯಿಗೊಂದು ಭಾಷಣವಾ ಮೇಡಂ?" ಅಂತ ಹಿಂದೆ ಕೂತವರು ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ಆದರೆ ಪೂರ್ತಿ ಕೇಳಿ.

ನಮ್ಮ ಸೀಮೆಯಲ್ಲಿ ನಾಯಿಗೆ ಕಾಲು ಹೋಗೋದು ಹೇಗೆ? ಒಂದು, ರಸ್ತೆ. ಮೈಸೂರಿಂದ ಎಚ್.ಡಿ. ಕೋಟೆಗೆ ಹೋಗೋ ರಸ್ತೆ ನಮ್ಮ ಊರ ಮೇಲೇ ಹಾದು ಹೋಗುತ್ತೆ. ಹಗಲೂ ರಾತ್ರಿ ಗಾಡಿ. ಮರಿಗಳಿಗೆ ಏನು ಗೊತ್ತು? ಎರಡನೆಯದು, ಉರುಳು. ಕಾಡಂಚಿನ ಹೊಲದಲ್ಲಿ ಹಂದಿ ಬರುತ್ತೆ ಅಂತ ತಂತಿ ಉರುಳು ಇಡ್ತಾರೆ. ಇದು ಹಂದಿ, ಇದು ನಾಯಿ ಅಂತ ಉರುಳಿಗೆ ಗೊತ್ತಾಗುತ್ತಾ? ಸಿಕ್ಕಿದ ನಾಯಿ ಎಳೆದಷ್ಟೂ ತಂತಿ ಬಿಗಿಯುತ್ತೆ. ರಕ್ತ ಓಡೋದು ನಿಲ್ಲುತ್ತೆ. ಕಾಲು ಕೊಳೆಯೋಕೆ ಶುರುವಾಗುತ್ತೆ. ಹುಲಿ, ಚಿರತೆಗಳೂ ಹೀಗೇ ಸಿಕ್ಕಿಕೊಳ್ತವೆ. ಕಾಡುಪ್ರಾಣಿಗೆ ಉರುಳು ಹಾಕೋದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಮನೆ ಗಂಡಸರಿಗೆ ಈ ಮಾತು ಹೇಳಿ.

ಕೊಳೆತ ಕಾಲು ಹಾಗೇ ಬಿಟ್ಟರೆ ನಂಜು ಮೈಗೆಲ್ಲ ಏರಿ ಪ್ರಾಣ ಹೋಗುತ್ತೆ. ಅದಕ್ಕೇ ಪಶುವೈದ್ಯರು ಆ ಕಾಲನ್ನೇ ತೆಗೀತಾರೆ. ಕೇಳೋಕೆ ಕ್ರೂರ ಅನ್ನಿಸುತ್ತೆ. ಆದರೆ ಆಮೇಲೆ ಏನಾಗುತ್ತೆ ಗೊತ್ತಾ? ಗಾಯ ಮಾಯುತ್ತೆ. ಮೊದಮೊದಲು ಬೀಳುತ್ತೆ, ಏಳುತ್ತೆ. ಕೆಲವೇ ವಾರದಲ್ಲಿ ಕುಪ್ಪಳಿಸಿಕೊಂಡು ಓಡುತ್ತೆ. ನಾಯಿ ನಿಂತಾಗ ಅದರ ಭಾರ ನೂರು ಪಾಲು ಅಂದರೆ, ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಬೀಳುತ್ತೆ. ಅದಕ್ಕೇ ಹಿಂಗಾಲು ಹೋದದ್ದು ಬೇಗ ಚೇತರಿಸಿಕೊಳ್ಳುತ್ತೆ. ಮುಂಗಾಲು ಹೋದದ್ದು ಸ್ವಲ್ಪ ನಿಧಾನ. ಬೆಕ್ಕಂತೂ ಹಗುರ. ಮೂರು ಕಾಲಲ್ಲೇ ಮನೆಯೆಲ್ಲ ಸುತ್ತುತ್ತೆ, ಇಲಿಗೂ ಹೊಂಚು ಹಾಕುತ್ತೆ.

ಅವಕ್ಕೆ ನಾಚಿಕೆ ಇಲ್ಲ ಕಣವ್ವಾ. "ನನಗೊಂದು ಕಾಲಿಲ್ಲ, ನಾಲ್ಕು ಜನ ಏನಂತಾರೋ" ಅಂತ ಮೂಲೆ ಸೇರೋದಿಲ್ಲ. ಏನಂತಾರೋ ಅನ್ನೋದೆಲ್ಲ ನಮ್ಮ ಕಡೆಯದು. "ಕುಂಟ ನಾಯಿ" ಅಂತ ಕಲ್ಲು ಎಸೀತಾರೆ. ಬೆಳಗ್ಗೆ ಎದ್ದು ಅದರ ಮುಖ ನೋಡಿದರೆ ಅಪಶಕುನ ಅಂತಾರೆ. ಅದೇ ಬಾಯಲ್ಲಿ ಪೋಲಿಯೋ ಆದ ಹೆಣ್ಣುಮಗಳನ್ನೂ "ಕುಂಟಿ" ಅಂತಾರೆ. ಅವಳ ಹೆಸರು ಹಿಡಿದು ಕರೆಯೋದಿಲ್ಲ. ನನಗೆ ಈ ಎರಡೂ ಒಂದೇ ಕಾಯಿಲೆ ಅನ್ನಿಸುತ್ತೆ. ಮಕ್ಕಳು ಮನೆಯಲ್ಲಿ ಕಾಲಿಲ್ಲದ ನಾಯಿಗೆ ಅನ್ನ ಹಾಕೋದನ್ನ ನೋಡಿ ಬೆಳೆದರೆ, ಶಾಲೆಯಲ್ಲಿ ಪಕ್ಕದಲ್ಲಿ ಕೂತ ಮಗುವನ್ನು ಆಡಿಕೊಳ್ಳೋದು ಕಡಿಮೆಯಾಗುತ್ತೆ ಅಂತ ನನ್ನ ನಂಬಿಕೆ.

ನಾಯಿಗೆ ಮರ್ಯಾದೆ ಕೊಡೋದು ಪಟ್ಟಣದವರ ಷೋಕಿ ಅಂತ ತಿಳೀಬೇಡಿ. ಪಕ್ಕದ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಲ್ಲಿ ಆತಕೂರು ಅಂತ ಊರಿದೆ. ಅಲ್ಲಿ ಒಂದು ಕಲ್ಲು ಸಿಕ್ಕಿತು. ಸಾವಿರ ವರ್ಷಕ್ಕೂ ಹಳೆಯದು, ಕ್ರಿ.ಶ. 950ರ ಸುಮಾರಿನದು. ಅದರ ಮೇಲೆ ಕನ್ನಡದಲ್ಲಿ ಬರೆದಿದೆ. ಗಂಗರ ದೊರೆ ಬೂತುಗನ ಹತ್ತಿರ ಮಣಲೇರ ಅಂತ ವೀರ ಇದ್ದ. ಯುದ್ಧದಲ್ಲಿ ಗೆದ್ದ. ಮೆಚ್ಚಿದೆ, ಏನು ಬೇಕೋ ಕೇಳು ಅಂದಾಗ ಅವನು ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ನಾಯಿ ಕೇಳಿದ. ಆಮೇಲೆ ಒಂದು ದಿನ ಕಾಳಿ ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ನೀವು ಹೋದರೆ ನೋಡಿ ಬನ್ನಿ. ಅಕ್ಷರ ಹಳೆಯದು, ನಮಗೆ ಓದೋಕೆ ಬರೋದಿಲ್ಲ. ನನಗೂ ಬರೋದಿಲ್ಲ. ಆದರೆ ನಾಯಿ, ಹಂದಿಯ ಚಿತ್ರ ಕಾಣುತ್ತೆ.

ಇನ್ನೊಂದು ಈಗಿನ ಕಾಲದ್ದು. ಬೆಂಗಳೂರಿನ ಯಲಹಂಕದ ಕಡೆ ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಸಂಸ್ಥೆ ಇದೆ. ಸುಧಾ ನಾರಾಯಣನ್ ಎಂಬ ಹೆಣ್ಣುಮಗಳು ಕಟ್ಟಿದ್ದು. ಅದರ ಹೆಸರು ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್. ಚಾರ್ಲಿ ಯಾರು? ಮೂರು ಕಾಲಿನ ಒಂದು ನಾಯಿ! ದೊಡ್ಡ ಮನುಷ್ಯರ ಹೆಸರಿಡಲಿಲ್ಲ, ಆ ನಾಯಿಯ ಹೆಸರೇ ಇಟ್ಟರು. 2022ರಲ್ಲಿ ಬಂದ ಚಾರ್ಲಿ ಸಿನಿಮಾ ನೀವು ಟಿ.ವಿ.ಯಲ್ಲಿ ನೋಡಿರಬಹುದು, ಅತ್ತೂ ಇರಬಹುದು. ಆ ಚಾರ್ಲಿ ಬೇರೆ, ಈ ಚಾರ್ಲಿ ಬೇರೆ.

ಸಿನಿಮಾ ನಾಯಿಗೆ ಅಳ್ತೀವಿ. ನಮ್ಮ ಬಸ್ ನಿಲ್ದಾಣದ ನಾಯಿಗೆ?

ನೀವೆಲ್ಲ ನೋಡಿದ್ದೀರಿ. ಕಂದು ಬಣ್ಣ, ಹಿಂದಿನ ಎಡಗಾಲಿಲ್ಲ. ಹೆಣ್ಣು ನಾಯಿ. ಹೋಟೆಲಿನವರು ಹಾಕಿದ್ದು ತಿಂದುಕೊಂಡು ಬಿದ್ದಿರುತ್ತೆ. ಯಾರನ್ನೂ ಕಚ್ಚಿದ್ದು ನಾನು ಕೇಳಿಲ್ಲ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಮಾಡಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯ ಕೇಂದ್ರದಲ್ಲಿ ಇಡಬೇಕು, ಮತ್ತೆ ಅಲ್ಲಿಗೇ ತಂದು ಬಿಡಬಾರದು ಅಂತ. ನಾನು ಶಾಲೆಯವಳು. ಮಕ್ಕಳಿಗೆ ನಾಯಿ ಕಚ್ಚಿದ್ದು ಕಂಡಿದ್ದೀನಿ. ಆ ಭಯ ಸುಳ್ಳಲ್ಲ. ಆದರೆ ಮೂರು ಕಾಲಿನ ನಾಯಿ ನೂರು ನಾಯಿಗಳ ಮಧ್ಯೆ ಸಿಕ್ಕಿಕೊಂಡರೆ ಅದಕ್ಕೆ ಅನ್ನ ಸಿಗುತ್ತಾ? ಗಟ್ಟಿ ಇದ್ದವು ಮುಂದೆ ನುಗ್ಗುತ್ತವೆ. ಅದಕ್ಕೊಂದು ಮನೆ ಸಿಕ್ಕರೆ ಊರಿಗೂ ಭಯವಿಲ್ಲ, ಅದಕ್ಕೂ ಭಯವಿಲ್ಲ.

ಈಗ ಸಾಕೋದು ಹೇಗೆ ಅಂತ ಹೇಳ್ತೀನಿ. ಇದನ್ನ ಗಮನ ಇಟ್ಟು ಕೇಳಿ.

ಎಲ್ಲಕ್ಕಿಂತ ಮುಂಚೆ ಹುಚ್ಚುನಾಯಿ ರೋಗದ ಲಸಿಕೆ. ರೇಬಿಸ್ ಅಂತಾರೆ. ಮರಿಗೆ ಮೂರು ತಿಂಗಳಾದಾಗ ಹಾಕಿಸಬೇಕು. ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸಬೇಕು. ಬೆಕ್ಕಿಗೂ ಬೇಕು, ಬೆಕ್ಕಿನಿಂದಲೂ ಈ ರೋಗ ಬರುತ್ತೆ. ಯಾವ ನಾಯಿ ಕಚ್ಚಿದರೂ, ಬೆಕ್ಕು ಪರಚಿದರೂ ತಕ್ಷಣ ಸೋಪು ಹಚ್ಚಿ, ಹರಿಯೋ ನೀರಲ್ಲಿ 15 ನಿಮಿಷ ಗಾಯ ತೊಳೀರಿ. ಕಾರದಪುಡಿ, ಸುಣ್ಣ, ಅರಿಶಿನ ಮೆತ್ತಬೇಡಿ. ಆಸ್ಪತ್ರೆಗೆ ಓಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದಿಗೆ ದುಡ್ಡಿಲ್ಲ. ಎಷ್ಟು ಸಲ ಬರೋಕೆ ಹೇಳ್ತಾರೋ ಅಷ್ಟೂ ಸಲ ಹೋಗಿ. ಚೀಟಿಯಲ್ಲಿ ತಾರೀಖು ಬರೆದಿರ್ತಾರೆ. ಈಗ ನಿಮಗೆ ಓದೋಕೆ ಬರುತ್ತೆ, ಯಾರನ್ನೂ ಕೇಳಬೇಕಾಗಿಲ್ಲ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು.

ಗಾಯ ಹಸಿ ಇರೋ ನಾಯಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ನೋವಿಗೆ ಕಚ್ಚುತ್ತೆ. ದಪ್ಪ ಗೋಣಿಚೀಲ ಹೊದಿಸಿ ಹಿಡೀಬೇಕು. ಹುಳು ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರೀಬೇಡಿ. ಪಶು ಆಸ್ಪತ್ರೆಗೆ ತೋರಿಸಿ. 1962 ನಂಬರಿಗೆ ಫೋನ್ ಮಾಡಿದರೆ ಪಶುಸಂಗೋಪನೆ ಇಲಾಖೆಯವರು ದಾರಿ ಹೇಳ್ತಾರೆ. ಇನ್ನೊಂದು ಮುಖ್ಯ ಮಾತು: ಜ್ವರಕ್ಕೆ ನಾವು ನುಂಗೋ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು, ಬೆಕ್ಕು ಸಾಯುತ್ತೆ.

ಊಟದ ಚಿಂತೆ ಬೇಡ. ಮನೆಯಲ್ಲಿ ಮಾಡಿದ ಮುದ್ದೆ, ಅನ್ನ, ಖಾರವಿಲ್ಲದ ಬೇಳೆಕಟ್ಟು, ಸಿಕ್ಕಿದ ದಿನ ಮೊಟ್ಟೆ ಸಾಕು. ಈರುಳ್ಳಿ, ಬೇಯಿಸಿದ ಕೋಳಿ ಮೂಳೆ ಬೇಡ. ಬೆಕ್ಕಿಗೆ ಮಾತ್ರ ಮಾಂಸವೋ ಮೀನೋ ಇರಲೇಬೇಕು, ಬರೀ ಹಾಲು ಅನ್ನದಲ್ಲಿ ಅದು ಸೊರಗುತ್ತೆ. ಮೂರು ಕಾಲಿನದನ್ನು ದಪ್ಪ ಆಗೋಕೆ ಬಿಡಬೇಡಿ. ನಾಲ್ಕು ಕಾಲಿನ ಭಾರ ಮೂರರ ಮೇಲೆ ಬಿದ್ದಿರುತ್ತೆ, ಕೀಲು ಬೇಗ ಸವೆಯುತ್ತೆ. ಟೈಲ್ಸ್ ನೆಲದಲ್ಲಿ ಜಾರುತ್ತೆ, ಹಳೇ ಗೋಣಿಚೀಲ ಹಾಸಿ. ಮಣ್ಣಿನ ನೆಲ ಇದ್ದವರೇ ಪುಣ್ಯವಂತರು! ಬಾವಿಗೆ ಕಟ್ಟೆ ಇಲ್ಲದಿದ್ದರೆ ಹುಷಾರು.

ರಾತ್ರಿ ಹೊರಗೆ ಕಟ್ಟಬೇಡಿ. ನಮ್ಮ ಕಡೆ ಚಿರತೆ ಬರುತ್ತೆ. ನಾಲ್ಕು ಕಾಲಿನ ನಾಯಿಗೇ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ಕೊಟ್ಟಿಗೆಯಲ್ಲಾದರೂ ಸರಿ, ಬಾಗಿಲು ಹಾಕಿ ಮಲಗಿಸಿ.

ಹೆಣ್ಣು ನಾಯಿ ಬೇಡ, ಮರಿ ಹಾಕುತ್ತೆ ಅಂತೀರಿ. ಗಂಡು ಮರಿ ಇಟ್ಟುಕೊಂಡು ಹೆಣ್ಣು ಮರಿಯನ್ನು ಚೀಲದಲ್ಲಿ ಕಟ್ಟಿ ಬಿಟ್ಟು ಬರೋದು ಎಲ್ಲರಿಗೂ ಗೊತ್ತಿರೋದೇ. ಹೆಣ್ಣು ಅಂದರೆ ಅಲ್ಲೂ ಇದೇ ಪಾಡು ನೋಡಿ. ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಒಂದು ಸಲ ಮಾಡಿಸಿದರೆ ಮರಿಗಳ ಕಾಟವಿಲ್ಲ. ಎರಡೇ ತಿಂಗಳ ಬಸಿರು ಅದರದು, ತಡ ಮಾಡಬೇಡಿ.

ಆದರೆ ಕರುಣೆ ಬಂತು ಅಂತ ಇವತ್ತು ತಂದು, ನಾಳೆ ಬೇಡ ಅಂತ ಕೆರೆ ಏರಿ ಮೇಲೆ ಬಿಟ್ಟು ಬರೋದಾದರೆ ತರಲೇಬೇಡಿ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ತಪ್ಪು. ಈ ಕಾಯ್ದೆಗೆ ಪಾರ್ಲಿಮೆಂಟಿನಲ್ಲಿ ಮೊದಲು ದನಿ ಎತ್ತಿದವರು ರುಕ್ಮಿಣಿ ದೇವಿ ಅರುಂಡೇಲ್. ಭರತನಾಟ್ಯ ಕಲಾವಿದೆ, ಹೆಣ್ಣುಮಗಳು. ಮನೆಯಲ್ಲಿ ಅತ್ತೆಯನ್ನ, ಯಜಮಾನರನ್ನ ಕೇಳಿ, ಎಲ್ಲರೂ ಒಪ್ಪಿದ ಮೇಲೆ ತನ್ನಿ. ಕೂಸು ಇರೋ ಮನೆಯವರು ಇನ್ನೂ ಯೋಚನೆ ಮಾಡಿ.

ಬಸ್ ನಿಲ್ದಾಣದ ನಾಯಿಯನ್ನ ನೋಡಬೇಕು ಅನ್ನೋರು ಸಂಜೆ ನನ್ನ ಜೊತೆ ಬನ್ನಿ. ಒಂದು ತುಂಡು ಮುದ್ದೆ ತನ್ನಿ. ದೂರದಲ್ಲಿ ಕೂತು ಹಾಕೋಣ. ನಾಲ್ಕು ದಿನ ಹಾಕಿದರೆ ಅದೇ ಹತ್ತಿರ ಬರುತ್ತೆ. ಆಮೇಲೆ ಪಶು ಆಸ್ಪತ್ರೆಗೆ ಕರಕೊಂಡು ಹೋಗೋಣ. ಆಟೋ ಬಾಡಿಗೆ ನಾನು ಕೊಡ್ತೀನಿ. ಹೆಸರು ಏನಿಡಬೇಕು ಅಂತ ತಂದುಕೊಂಡವರು ಹೇಳಿ, ಕುಂಟಿ ಅಂತ ಮಾತ್ರ ಬೇಡ. ನಾಳೆ ಆ ಹೆಸರನ್ನ ಹಲಗೆ ಮೇಲೆ ಬರೆಯೋಣ.